ಪೊಟ್ಟಣದ ಪಟ್ಟಿಯಂತೆ ಉಣಿಸಿದರೂ ಲ್ಯಾಬ್ರಡಾರ್ ನಾಯಿಯ ತೂಕ ಏರುತ್ತಿದೆ: ದಿನಕ್ಕೆ ಎಷ್ಟು ಆಹಾರ ಸರಿ?

ಪ್ರಶ್ನೆ

ನಮ್ಮ ಮನೆಯಲ್ಲಿ ಐದು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಈಗಿನ ತೂಕ 34 ಕಿಲೋ. 28 ಕಿಲೋಗೆ ಇಳಿಯಬೇಕೆಂದು ಪಶುವೈದ್ಯರು ಹೇಳಿದ್ದಾರೆ. ಒಣ ಆಹಾರದ ಪೊಟ್ಟಣದ ಮೇಲಿರುವ ಪಟ್ಟಿಯನ್ನು ನೋಡಿ ದಿನಕ್ಕೆ 380 ಗ್ರಾಂ ಹಾಕುತ್ತಿದ್ದೇವೆ. ಅದರ 100 ಗ್ರಾಂನಲ್ಲಿ 360 ಕಿಲೋಕ್ಯಾಲೊರಿ ಇದೆಯೆಂದು ಮುದ್ರಿಸಿದ್ದಾರೆ. ಇದಲ್ಲದೆ ಬೆಳಿಗ್ಗೆ ತುಪ್ಪ ಸವರಿದ ಒಂದು ಚಪಾತಿ, ಸಂಜೆ ನಾಲ್ಕು ಗ್ಲುಕೋಸ್ ಬಿಸ್ಕತ್ತು, ರಾತ್ರಿ ಒಂದು ಬಟ್ಟಲು ಮೊಸರನ್ನ ಕೊಡುತ್ತೇವೆ. ಪಟ್ಟಿಯ ಪ್ರಕಾರವೇ ನಡೆದರೂ ತೂಕ ಏಕೆ ಏರುತ್ತಿದೆ? ಸರಿಯಾದ ಪ್ರಮಾಣವನ್ನು ಲೆಕ್ಕ ಹಾಕುವ ಬಗೆ ಹೇಗೆ?

ಉತ್ತರ

ಮಾನ್ಯರೇ, ನೀವು ಕೊಟ್ಟ ವಿವರಗಳಲ್ಲೇ ಕಾರಣವಿದೆ. ಪೊಟ್ಟಣದ ಪಟ್ಟಿ ಆ ಆಹಾರವೊಂದನ್ನೇ ತಿನ್ನುವ, ಸಾಮಾನ್ಯ ಮೈಕಟ್ಟಿನ ನಾಯಿಗೆ ಹಾಕಿದ ಅಂದಾಜು. ನೀವು ಪಟ್ಟಿಯಲ್ಲಿ ನೋಡಬೇಕಾದದ್ದು ಈಗಿನ 34 ಕಿಲೋ ಅಲ್ಲ, ಇರಬೇಕಾದ 28 ಕಿಲೋ. ಸಂತಾನಹರಣದ ನಂತರ ನಾಯಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಅದರಲ್ಲೂ ಲ್ಯಾಬ್ರಡಾರ್ ತಳಿಯಲ್ಲಿ ಎಷ್ಟೋ ನಾಯಿಗಳಿಗೆ ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಕುಂದಿಸುವ ಆನುವಂಶಿಕ ಬದಲಾವಣೆಯೇ ಇರುವುದನ್ನು 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಅದು ಬಟ್ಟಲು ನೆಕ್ಕಿ ನಿಮ್ಮ ಮುಖ ನೋಡಿದ ಮಾತ್ರಕ್ಕೆ ಆಹಾರ ಸಾಲಲಿಲ್ಲವೆಂದು ದಯವಿಟ್ಟು ತಿಳಿಯಬೇಡಿ.

ಈಗ ಲೆಕ್ಕ. ಇರಬೇಕಾದ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದ ಸಂಖ್ಯೆಗೆ ಎರಡು ಬಾರಿ ವರ್ಗಮೂಲ ತೆಗೆದು, ಕೊನೆಗೆ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ದೇಹಕ್ಕೆ ದಿನಕ್ಕೆ ಬೇಕಾಗುವ ಶಕ್ತಿ ಸಿಗುತ್ತದೆ. 28ಕ್ಕೆ ಇದು ಸುಮಾರು 850 ಕಿಲೋಕ್ಯಾಲೊರಿ. ಸಂತಾನಹರಣವಾದ ವಯಸ್ಕ ನಾಯಿಯ ತೂಕವನ್ನು ಹಾಗೆಯೇ ಉಳಿಸಿಕೊಳ್ಳಲು ಇದರ 1.6 ಪಟ್ಟು, ಅಂದರೆ ಸುಮಾರು 1360 ಬೇಕಾಗುತ್ತದೆ. ತೂಕ ಇಳಿಸುವಾಗ 850ರ ಆಸುಪಾಸಿನಲ್ಲೇ ನಿಲ್ಲಿಸುವುದು ವಾಡಿಕೆ.

ನೀವು ಹಾಕುತ್ತಿರುವ 380 ಗ್ರಾಂ ಒಣ ಆಹಾರದಿಂದಲೇ 1368 ಕಿಲೋಕ್ಯಾಲೊರಿ ಸೇರುತ್ತಿದೆ. ಬಟ್ಟಲಿನಲ್ಲಿ 200 ಗ್ರಾಂ ಅನ್ನವಿದ್ದರೆ ಮೊಸರು ಸೇರಿ ಸುಮಾರು 290, ತುಪ್ಪದ ಚಪಾತಿಗೆ ಸುಮಾರು 145, ಬಿಸ್ಕತ್ತುಗಳಿಗೆ ಸುಮಾರು 100. ಒಟ್ಟು 1900 ದಾಟುತ್ತದೆ. ಒಂದೊಂದಾಗಿ ನೋಡಿದರೆ ಅಲ್ಪವೆನಿಸುವ ಈ ಮೂರು ಮೇಲುತಿನಿಸುಗಳು ಸೇರಿ 500ಕ್ಕೂ ಮಿಕ್ಕಿದ ಕಿಲೋಕ್ಯಾಲೊರಿಯಾಗುವುದರಿಂದ, ಮೊದಲು ಕೈಹಾಕಬೇಕಾದದ್ದು ಅಲ್ಲಿಯೇ.

ಆದರೆ ಒಮ್ಮೆಲೇ ಅರ್ಧಕ್ಕಿಳಿಸಬೇಡಿ. ಮೊದಲು ಮೇಲುತಿನಿಸುಗಳನ್ನು ನಿಲ್ಲಿಸಿ, ಬಳಿಕ ಒಣ ಆಹಾರವನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ತಗ್ಗಿಸಿ. 850 ಕಿಲೋಕ್ಯಾಲೊರಿಗೆ ಹೊಂದುವಂತೆ ಈಗಿನ ಸಾಮಾನ್ಯ ಆಹಾರವನ್ನೇ ಸುಮಾರು 235 ಗ್ರಾಂಗೆ ತಂದರೆ ಶಕ್ತಿಯ ಜೊತೆಗೆ ಪ್ರೋಟೀನು, ಜೀವಸತ್ವಗಳೂ ಕಡಿಮೆಯಾಗುವ ಸಂಭವವಿರುವುದರಿಂದ, ತೂಕ ಇಳಿಸಲೆಂದೇ ತಯಾರಿಸಿದ, ಪ್ರೋಟೀನು ಮತ್ತು ನಾರಿನಂಶ ಹೆಚ್ಚಿರುವ ಆಹಾರ ಬೇಕೇ ಎಂದು ನಿಮ್ಮ ಪಶುವೈದ್ಯರಲ್ಲಿ ವಿಚಾರಿಸಿ. ಲೋಟದಲ್ಲಿ ಅಳೆದರೆ ಕೈಯಿಂದ ಕೈಗೆ ವ್ಯತ್ಯಾಸವಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗಿ.

ಮರುಪ್ರಶ್ನೆ

ವಿವರವಾದ ಉತ್ತರಕ್ಕೆ ಧನ್ಯವಾದಗಳು. ನಮ್ಮ ಅತ್ತೆಯವರಿಗೆ ತಮ್ಮ ಕೈಯಿಂದ ಅದಕ್ಕೇನಾದರೂ ಕೊಡದೆ ಸಮಾಧಾನವಿಲ್ಲ. ಪೂರ್ತಿ ನಿಲ್ಲಿಸಲೇಬೇಕೇ? ಪ್ರಮಾಣ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ

ಅವರ ಪ್ರೀತಿಗೆ ಅಡ್ಡಿಪಡಿಸುವ ಅಗತ್ಯವಿಲ್ಲ. ಬೆಳಿಗ್ಗೆ ಇಡೀ ದಿನದ ಒಣ ಆಹಾರವನ್ನು ತೂಗಿ, ಅದರಿಂದಲೇ ಒಂದು ಹಿಡಿಯನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಅವರ ಕೈಗೆ ಕೊಡಿ; ನಾಯಿಗೆ ಬೇಕಾದದ್ದು ಆ ಕೈ ಮತ್ತು ಆ ಗಳಿಗೆ, ಬಿಸ್ಕತ್ತೇ ಆಗಬೇಕೆಂದಿಲ್ಲ. ಸೌತೆಕಾಯಿ, ಗಜ್ಜರಿ, ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ ಕೊಡಬಹುದು. ಮೇಲುತಿನಿಸು ಏನೇ ಇರಲಿ, ದಿನದ ಒಟ್ಟು ಶಕ್ತಿಯ ಹತ್ತನೇ ಒಂದು ಭಾಗವನ್ನು ಮೀರಬಾರದು. ನಮ್ಮ ಮನೆಗಳ ಸಾರು, ಪಲ್ಯಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದರಿಂದ ಅವು ಸ್ವಲ್ಪವೂ ಬೇಡ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ನಾಶಮಾಡುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳೂ ವಿಷವೇ.

ಪ್ರಮಾಣ ಸರಿಯಿದೆಯೇ ಎಂಬುದನ್ನು ಕೊನೆಗೆ ಹೇಳುವುದು ಸೂತ್ರವಲ್ಲ, ನಾಯಿಯ ಮೈ. ಅಂಗೈಯನ್ನು ಪಕ್ಕೆಯ ಮೇಲೆ ಒತ್ತದೆ ಆಡಿಸಿ: ನಿಮ್ಮ ಚಾಚಿದ ಕೈಯ ಹಿಂಭಾಗವನ್ನು ಮುಟ್ಟಿದಾಗ ಎಲುಬು ಸಿಗುವಂತೆ ಪಕ್ಕೆಲುಬು ಸಿಕ್ಕರೆ ಸರಿ. ಮೇಲಿನಿಂದ ನೋಡಿದಾಗ ಸೊಂಟ ಕಿರಿದಾಗಿ, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು. (ಮುಧೋಳ ನಾಯಿ ಸಾಕಿದವರು ಇದನ್ನು ಹಾಗೆಯೇ ಅನ್ವಯಿಸಬಾರದು. ಆ ತಳಿಯಲ್ಲಿ ಕೆಲವು ಪಕ್ಕೆಲುಬುಗಳು ಕಣ್ಣಿಗೆ ಕಾಣುವುದು ಸಹಜ.)

ಎರಡು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ ಬರೆದಿಡಿ. ವಾರಕ್ಕೆ ದೇಹತೂಕದ ಶೇಕಡಾ 1, ನಿಮ್ಮ ನಾಯಿಗಾದರೆ ಸುಮಾರು 300 ಗ್ರಾಂ ಇಳಿದರೆ ಉತ್ತಮ. ಹೀಗೆ ಗುರಿ ಮುಟ್ಟಲು ನಾಲ್ಕೈದು ತಿಂಗಳು ಹಿಡಿಯುತ್ತದೆ. ಶೇಕಡಾ 2ಕ್ಕಿಂತ ವೇಗವಾಗಿ ಇಳಿದರೆ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿ. ಈ ಶ್ರಮ ವ್ಯರ್ಥವಲ್ಲ: ಹದಿನಾಲ್ಕು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೊತೆಗಾರರಿಗಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಪಡೆದ ಲ್ಯಾಬ್ರಡಾರ್‌ಗಳು ಸರಿಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಮನೆಯವರೆಲ್ಲರೂ ಲೆಕ್ಕದಂತೆ ನಡೆದೂ ತೂಕ ಇಳಿಯದಿದ್ದರೆ, ಮೈ ಜಡವಾಗಿ ಕೂದಲು ತೆಳುವಾಗುತ್ತಿದ್ದರೆ, ಆಹಾರವನ್ನು ಮತ್ತಷ್ಟು ಕಡಿತಗೊಳಿಸುವ ಬದಲು ರಕ್ತಪರೀಕ್ಷೆ ಮಾಡಿಸಿ ಥೈರಾಯ್ಡ್ ಗ್ರಂಥಿಯ ಕೊರತೆ ಇದೆಯೇ ಎಂದು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ.