ಅಂಡಮಾನ್: ಐದು ರಾತ್ರಿಗೆ ಎಷ್ಟು ದ್ವೀಪ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಸರ್, ಜನವರಿಯಲ್ಲಿ ಅಂಡಮಾನ್‌ಗೆ ಹೊರಟಿದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗ, 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಒಂದೇ ಸಲ. ಐದು ರಾತ್ರಿ ಇದೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ರಾಸ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲ ಇವೆ. ಕೊನೆಯ ದಿನ ಬೆಳಿಗ್ಗೆ ನೀಲ್‌ನಿಂದ ಬೋಟ್, ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ವಿಮಾನ. ಆಗುತ್ತಾ?

ಉತ್ತರ (ಪ್ರವಾಸ ಯೋಜಕ): ಕಾಗದದ ಮೇಲೆ ಆಗುತ್ತೆ. ದ್ವೀಪ ಎಣಿಸಬೇಡಿ ಮೇಡಂ, ಬೋಟ್ ಎಣಿಸಿ. ಹ್ಯಾವ್‌ಲಾಕ್‌ಗೆ ಖಾಸಗಿ ಬೋಟ್‌ನಲ್ಲಿ ಒಂದೂವರೆ ಗಂಟೆ ಅಂತಾರೆ. ಆದರೆ ರೂಮ್ ಖಾಲಿ ಮಾಡಿ, ಜೆಟ್ಟಿಗೆ ಹೋಗಿ, ಬ್ಯಾಗ್ ತಪಾಸಣೆ ಮುಗಿಸಿ, ಕಾದು, ಇಳಿದು, ಆಟೊ ಹಿಡಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತೆ.

ಬಾರಾಟಾಂಗ್ ಕೈಬಿಡಿ. ನಡುರಾತ್ರಿ ಕಳೆದ ಕೂಡಲೇ ಎದ್ದು, ಜಾರವಾ ಆದಿವಾಸಿಗಳ ಕಾಡಿನ ದಾರಿಯಲ್ಲಿ ವಾಹನಗಳ ಸಾಲಿನೊಂದಿಗೆ ಹೋಗಬೇಕು. ಆಮೇಲೆ ಬೋಟ್, ಮತ್ತೆ ಅಲ್ಲಿನ ಸುಣ್ಣಕಲ್ಲಿನ ಗುಹೆಯ ತನಕ ನಡಿಗೆ. ಅತ್ತೆಯವರ ಮಂಡಿಗೆ ಇದು ಬೇಡ.

ಮೊದಲ ರಾತ್ರಿ ಪೋರ್ಟ್ ಬ್ಲೇರ್, ಎರಡು ಹ್ಯಾವ್‌ಲಾಕ್, ಒಂದು ನೀಲ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ಆ ಕೊನೆಯ ರಾತ್ರಿಯನ್ನು ಮಾತ್ರ ಯಾರು ಹೇಳಿದರೂ ಬಿಡಬೇಡಿ. ರಾಸ್ ಪೋರ್ಟ್ ಬ್ಲೇರ್ ಎದುರಿಗೇ ಇದೆ, ಆವತ್ತೇ ಹೋಗಿ ಬನ್ನಿ. ಟಿಕೆಟ್ ಮೇಲೆ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತಿದ್ದರೆ ಗಾಬರಿಯಾಗಬೇಡಿ. 2018ರಿಂದ ಹ್ಯಾವ್‌ಲಾಕ್, ನೀಲ್‌ಗಳ ಹೆಸರು ಅವೇ. ಪೋರ್ಟ್ ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ.

ಚಿತ್ರದುರ್ಗದಿಂದ ಒಬ್ಬರು: ಕೊನೆಯ ರಾತ್ರಿ ಮಾತು ನೂರಕ್ಕೆ ನೂರು ನಿಜ. ನಮ್ಮ ಬೋಟ್ ಗಾಳಿಗೆ ರದ್ದಾಯಿತು. ಬೋಟ್ ದುಡ್ಡು ವಾಪಸ್ ಬಂತು, ತಪ್ಪಿಹೋದ ವಿಮಾನದ್ದು ಬರಲಿಲ್ಲ. ನಾಲ್ಕು ಜನರಿಗೆ ಹೊಸ ಟಿಕೆಟ್! ಜೆಟ್ಟಿಯ ಕಟ್ಟೆ ಮೇಲೆ ಕೂತು ಎರಡು ಪ್ಯಾಕೆಟ್ ಬಿಸ್ಕತ್ ತಿಂದಿದ್ದೇ ಆವತ್ತಿನ ಊಟ.

ಪ್ರಶ್ನೆ: ಅಯ್ಯೋ! ಹಾಗಾದರೆ ಅತ್ತೆಗೆ ಏನು ತೋರಿಸಲಿ? ಮಗ ಸ್ಕೂಬಾ (ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು) ಅಂತ ಹಟ ಹಿಡಿದಿದ್ದಾನೆ.

ಉತ್ತರ: ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ಗೆ ನಾಲ್ಕು ಗಂಟೆಗೇ ಹೋಗಿ ಕೂರಿಸಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮದಲ್ಲ. ಅಂಡಮಾನ್ ಅಷ್ಟು ಪೂರ್ವಕ್ಕಿದೆ. ದಾವಣಗೆರೆಗಿಂತ ಸುಮಾರು ಒಂದು ಗಂಟೆ ಮೊದಲೇ ಅಲ್ಲಿ ಕತ್ತಲಾಗುತ್ತೆ. ಆರಕ್ಕೆ ಹೋದರೆ ಬರೀ ಅಲೆಯ ಸದ್ದು ಕೇಳಿಸಿಕೊಂಡು ಬರಬೇಕು.

ನೀಲ್‌ನ ಭರತ್‌ಪುರದಲ್ಲಿ ಗಾಜಿನ ತಳದ ಬೋಟ್ ಇದೆ. ಕೂತಲ್ಲೇ ಹವಳ ಕಾಣುತ್ತೆ. ನೀಲ್‌ನಲ್ಲೇ ತಾನಾಗಿ ಮೂಡಿದ ಕಲ್ಲಿನ ಸೇತುವೆಯೂ ಇದೆ, ಅದು ನೀರು ಇಳಿದಾಗ ನೋಡುವಂಥದ್ದು. ದಾರಿ ಪಾಚಿಗಲ್ಲು, ಅತ್ತೆಯವರು ಮೇಲೆಯೇ ಎಳನೀರು ಕುಡಿಯುತ್ತಾ ಇರಲಿ. ಮನೆಯ ಪಂಚಾಂಗ ನೋಡಿ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಗಂಟೆಯನ್ನು ಮಾತ್ರ ಅಲ್ಲಿನ ಹೋಟೆಲ್‌ನಲ್ಲೇ ಕೇಳಿ.

ಮಗನಿಗೆ ಸ್ಕೂಬಾ ಬೇಡ, ಇನ್ನೂ ಚಿಕ್ಕವನು. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕೆಲ್ ಮಾಡಿಸಿ, ಅಂದರೆ ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ಮೇಲೆಯೇ ತೇಲುತ್ತಾ ನೀರೊಳಗೆ ನೋಡುವುದು. ನೀವಿಬ್ಬರು ಸ್ಕೂಬಾ ಮಾಡಿದರೆ ಆಮೇಲೆ 24 ಗಂಟೆ ವಿಮಾನ ಹತ್ತಬಾರದು. ವಾಂತಿ ಮಾತ್ರೆ ಬೋಟ್ ಹತ್ತುವ ಮುಂಚೆಯೇ ತಗೊಳ್ಳಬೇಕು. ಅತ್ತೆಯವರಿಗೆ ಯಾವುದು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೈಯಲ್ಲಿ ಸ್ವಲ್ಪ ನಗದು ಇರಲಿ. ದಡದಲ್ಲಿ ಬಿದ್ದ ಹವಳದ ಚೂರನ್ನು ಮಗ ಜೇಬಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ಪ್ರಶ್ನೆ: ಏಜೆಂಟ್‌ಗೆ ಈಗಲೇ ಫೋನ್ ಮಾಡ್ತೀನಿ. ನಾವು ಪೂರ್ತಿ ವೆಜ್. ಅತ್ತೆ ಆಗಲೇ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಒಣಕೊಬ್ಬರಿ ಕಟ್ಟುವ ಲೆಕ್ಕದಲ್ಲಿದ್ದಾರೆ.

ಉತ್ತರ: ವೆಜ್ ಊಟ ಸಿಗುತ್ತೆ, ಆದರೂ ರೊಟ್ಟಿ ಚಟ್ನಿಪುಡಿ ಖಂಡಿತ ಇರಲಿ. ಒಣಕೊಬ್ಬರಿ ಮಾತ್ರ ಮನೆಯಲ್ಲೇ ಬಿಡಲಿ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಬ್ಯಾಗ್ ತೆಗೆಸುತ್ತಾರೆ. ಮಂಡಕ್ಕಿಗೆ ಯಾರೂ ಏನೂ ಅನ್ನಲ್ಲ, ಜಾಗ ತಿನ್ನುತ್ತೆ ಅಷ್ಟೆ.