ಅಪ್‌ಡೇಟ್: ನ್ಯಾನೋವೈರ್‌ನಲ್ಲಿ ಇಂಡಿಯಂ 30% ಅಥವಾ 18%? ಗೊತ್ತಾಯಿತು

ಹಿಂದೆ ಕೇಳಿದ್ದು ಇಷ್ಟೇ: ಗ್ಯಾಲಿಯಂ ಆರ್ಸೆನೈಡ್ ತಳದ ಮೇಲೆ ಬೆಳೆಸಿದ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ವೈರ್‌ಗಳಲ್ಲಿ ಎಕ್ಸ್‌ಆರ್‌ಡಿ (ಎಕ್ಸ್‌ರೇ ಚದುರುವ ಕೋನದಿಂದ ಹರಳಿನ ಅಳತೆ ತಿಳಿಯುವ ವಿಧಾನ) 30% ಇಂಡಿಯಂ ಅನ್ನುತ್ತಿತ್ತು, ಎಸ್‌ಇಎಂ ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಇಡಿಎಸ್ (ಎಲೆಕ್ಟ್ರಾನ್ ಬಡಿದಾಗ ಹೊಮ್ಮುವ ಎಕ್ಸ್‌ರೇಯಿಂದ ಯಾವ ಧಾತು ಎಷ್ಟಿದೆ ಎಂದು ಅಳೆಯುವುದು) 18% ಅನ್ನುತ್ತಿತ್ತು. ಯಾವುದನ್ನು ನಂಬಲಿ?

ತಪ್ಪು ಇಡಿಎಸ್‌ನದ್ದು. ಅಂದರೆ ನನ್ನದೇ. 20 ಕಿಲೋವೋಲ್ಟ್ ಎಲೆಕ್ಟ್ರಾನ್‌ಗಳು ತೆಳ್ಳನೆಯ ವೈರ್ ದಾಟಿ ತಳಕ್ಕೆ ಇಳಿಯುತ್ತಿದ್ದವು. ತಳದ ಗ್ಯಾಲಿಯಂ ಕೂಡ ಲೆಕ್ಕಕ್ಕೆ ಸೇರಿ ಇಂಡಿಯಂ ಕಡಿಮೆ ಕಾಣುತ್ತಿತ್ತು. ನಿಮ್ಮಲ್ಲಿ ಇಬ್ಬರು ಇದನ್ನೇ ಹೇಳಿದ್ದಿರಿ, ನಾನೇ ಸುಮ್ನೆ ವಾದ ಮಾಡಿದೆ.

ಹಾಗಾಗಿ ವೈರ್‌ಗಳನ್ನು ಬ್ಲೇಡಿನಿಂದ ಕೆರೆದು, ಆಲ್ಕೋಹಾಲ್‌ನಲ್ಲಿ ಕದಡಿ, ಒಂದು ಹನಿಯನ್ನು ಕಾರ್ಬನ್ ಪೊರೆಯ ಗ್ರಿಡ್ ಮೇಲೆ ಬಿಟ್ಟು ಟಿಇಎಂನಲ್ಲಿ (ಎಲೆಕ್ಟ್ರಾನ್‌ಗಳನ್ನು ಮಾದರಿಯ ಮೂಲಕ ಹಾಯಿಸುವ ಸೂಕ್ಷ್ಮದರ್ಶಕ) ಮತ್ತೆ ಇಡಿಎಸ್ ಮಾಡಿ ನೋಡಿದೆ. ಗ್ರಿಡ್ ತಾಮ್ರದ್ದು. ತಾಮ್ರದ 8.9 ಕೆಇವಿ (ಶಕ್ತಿಯ ಅಳತೆ) ಎಕ್ಸ್‌ರೇ ಗೆರೆ ಗ್ಯಾಲಿಯಂನ 9.25ರ ಪಕ್ಕದಲ್ಲೇ ಕೂರುತ್ತದೆ, ಬಿಡಿಸಲು ಸ್ವಲ್ಪ ಒದ್ದಾಡಬೇಕಾಯಿತು. ವೈರ್‌ನ ನಡುವೆ 29% ಬಂತು!

ಎಕ್ಸ್‌ಆರ್‌ಡಿ ಲೆಕ್ಕ ಕೇಳಿದವರಿಗೆ: 111 ಪೀಕ್ (ಹರಳಿನ ಒಂದು ಬಗೆಯ ಪದರಗಳಿಂದ ಬರುವ ಎಕ್ಸ್‌ರೇ ಶಿಖರ) 26.7 ಡಿಗ್ರಿ ಹತ್ತಿರ ಇತ್ತು, ಅಂದರೆ ಲ್ಯಾಟಿಸ್ ಅಳತೆ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕದ ಉದ್ದ) 5.775 ಆಂಗ್‌ಸ್ಟ್ರಮ್. ಗ್ಯಾಲಿಯಂ ಆರ್ಸೆನೈಡ್‌ಗೆ 5.653, ಇಂಡಿಯಂ ಆರ್ಸೆನೈಡ್‌ಗೆ 6.058. ವೆಗಾರ್ಡ್ ನಿಯಮದ ಪ್ರಕಾರ (ಮಿಶ್ರಣದ ಅಳತೆ ಪ್ರಮಾಣಕ್ಕೆ ತಕ್ಕಂತೆ ಇವೆರಡರ ನಡುವೆ ಬರುತ್ತದೆ) 0.122 ಭಾಗಿಸು 0.405, ಸುಮಾರು 30%. ವೈರ್‌ನಲ್ಲಿ ಎಳೆತ ಉಳಿದಿಲ್ಲ ಅಂದುಕೊಂಡರೆ ಮಾತ್ರ ಇದು ಸರಿ. ಕೋರ್-ಶೆಲ್ ವೈರ್ (ಒಳಗೊಂದು ವಸ್ತು, ಸುತ್ತ ಇನ್ನೊಂದರ ಪದರ) ಇರುವವರು ಈ ಒಂದೇ ಪೀಕ್ ನಂಬಬೇಡಿ.

ಇನ್ನೊಂದು ವಿಷಯ. ಟಿಇಎಂನಲ್ಲಿ ವೈರ್‌ನ ಬುಡದಲ್ಲಿ ಇಂಡಿಯಂ 33%, ತುದಿಯಲ್ಲಿ 26%. ಎಕ್ಸ್‌ಆರ್‌ಡಿ ಪೀಕ್ ಅಷ್ಟು ಅಗಲ ಇದ್ದದ್ದು ಇದಕ್ಕೇ ಇರಬೇಕು, ಅಲ್ವಾ? ನಾನು ಉಪಕರಣವನ್ನು ಬೈದುಕೊಂಡು ಕೂತಿದ್ದೆ.