ಅಪ್‌ಡೇಟ್: ಮಗನ ಕೈಬರಹ, ನಾಲ್ಕು ತಿಂಗಳ ನಂತರ

ಒಂದನೇ ಕ್ಲಾಸಿನ ಮಗ ಬರೆಯಲು ಕೂತರೆ ಅಳುತ್ತಾನೆ, ಅರ್ಧ ಪುಟಕ್ಕೇ ಕೈನೋವು ಅನ್ನುತ್ತಾನೆ, ಏನು ಮಾಡಲಿ ಅಂತ ನವೆಂಬರ್‌ನಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನೀವು ಹೇಳಿದಂತೆ ಜಯನಗರದಲ್ಲಿ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯುವುದು, ಉಣ್ಣುವುದು ಇಂಥ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವವರು) ಹತ್ತಿರ ಹೋದೆವು. ಅವರು ಮೊದಲು ನೋಡಿದ್ದು ನೋಟ್‌ಬುಕ್ ಅಲ್ಲ, ಅವನು ಕೂರುವ ರೀತಿ. ನಮ್ಮ ಊಟದ ಮೇಜಿನ ಕುರ್ಚಿಯಲ್ಲಿ ಅವನ ಕಾಲು ನೆಲಕ್ಕೆ ಎಟುಕುತ್ತಲೇ ಇರಲಿಲ್ಲ! ಈಗ ಕಾಲ ಕೆಳಗೆ ಮಣೆ ಇಟ್ಟಿದ್ದೇವೆ. ಉದ್ದ ಪೆನ್ಸಿಲ್ ಬದಲು ಗಿಡ್ಡ ತುಂಡು ಕೊಡುತ್ತೇವೆ. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು.

ಎರಡು ತಿಂಗಳು ಕಾಪಿ ಬರೆಸುವುದನ್ನು ಪೂರ್ತಿ ಬಿಟ್ಟೆವು. ಬೆರಳಿಗೆ ಶಕ್ತಿ ಬರಲಿ ಅಂತ ಚಪಾತಿ ಹಿಟ್ಟು, ಬಟ್ಟೆ ಕ್ಲಿಪ್ಪು. ಅವರೆಕಾಯಿ ಸೀಸನ್ ಬೇರೆ ಅಲ್ವಾ, ದಿನಾ ಸಂಜೆ ಅಜ್ಜಿ ಜೊತೆ ಕೂತು ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಸುಕುತ್ತಿದ್ದ. ಕಾಳು ಪುಳಕ್ಕನೆ ಹಾರಿದರೆ ಅವನಿಗೆ ಎಷ್ಟು ಖುಷಿ! ಅಕ್ಷರ ತಿದ್ದಿದ್ದು ತಟ್ಟೆಯಲ್ಲಿ ಹರಡಿದ ರವೆ ಮೇಲೆ. ಮೊದಲು ಸೊನ್ನೆ, ಆಮೇಲೆ ಠ, ರ. ಕನ್ನಡದ ಅಕ್ಷರಗಳು ಗುಂಡಗಿರುವುದರಿಂದ ಸುತ್ತು ಕೂತರೆ ಉಳಿದವು ಸಲೀಸು.

ಶಾಲೆಯಲ್ಲಿ ಮೊದಲು ‘ಸೋಮಾರಿ’ ಅಂದಿದ್ದರು. ಆ ಮಾತು ನನಗೆ ಇನ್ನೂ ನೋಯುತ್ತದೆ. ಥೆರಪಿಸ್ಟ್ ಪತ್ರ ಕೊಟ್ಟ ಮೇಲೆ ಕೆಲವು ಉತ್ತರ ಬಾಯಲ್ಲೇ ಕೇಳುತ್ತಾರೆ. ಡಿಸ್‌ಗ್ರಾಫಿಯಾ (ಬರವಣಿಗೆಗೆ ಸಂಬಂಧಿಸಿದ ಕಲಿಕೆಯ ತೊಂದರೆ) ಹೌದೋ ಅಲ್ಲವೋ ಅಂತ ಈಗಲೇ ಹೇಳುವುದು ಬೇಡ, ಇನ್ನೊಂದೆರಡು ವರ್ಷ ನೋಡೋಣ ಅಂತ ಥೆರಪಿಸ್ಟ್ ಅಂದಿದ್ದಾರೆ.

ಮೊನ್ನೆ ಭಾನುವಾರ ಅಂಗಡಿ ಚೀಟಿಯನ್ನು ತಾನೇ ಬರೆದ. ‘ಹಾಲು, ಬೆಲ, ಬಾಳೆಹಣು’. ಒತ್ತಕ್ಷರ ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ, ಆ ಚೀಟಿ ಹಿಡಿದುಕೊಂಡೇ ಅಂಗಡಿಗೆ ಹೋದೆ.